ಸಂಬಳ ಏರಿಸಿದರೆ ಕೆಲಸ ಹೋಗುತ್ತಾ? ಮದ್ದೂರಿನ ಓದುಗರಿಗೆ ಉತ್ತರ

ಪ್ರಶ್ನೆ: ಸಾರ್, ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಅಕ್ಕ ಹನ್ನೊಂದು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕನಿಷ್ಠ ವೇತನ ಏರಿಸುವ ಮಾತು ಬಂದಾಗಲೆಲ್ಲ ಅಲ್ಲಿ ‘ಸಂಬಳ ಜಾಸ್ತಿ ಆದರೆ ಯೂನಿಟ್ ಮುಚ್ಚಿ ಬೇರೆ ರಾಜ್ಯಕ್ಕೆ ಹೋಗ್ತೀವಿ’ ಅಂತಾರಂತೆ. ತಮ್ಮ ಬಿಇ ಮುಗಿಸಿ ಎರಡು ವರ್ಷ ಆಯ್ತು, ಕೆಲಸ ಇಲ್ಲ. ‘ಸಂಬಳ ಕಮ್ಮಿ ಇದ್ದರೆ ತಾನೇ ಕಂಪನಿಯವರು ಜನ ತಗೊಳ್ಳೋದು’ ಅಂತ ಅವನ ವಾದ. ಪೇಪರ್ ನೋಡಿದರೆ ನಿರುದ್ಯೋಗ ಬರೀ ಶೇ 3 ಅಂತ ಬರುತ್ತೆ. ಇದರಲ್ಲಿ ಯಾವುದನ್ನು ನಂಬೋದು?

ಉತ್ತರ: ನೇರವಾಗಿಯೇ ಹೇಳುತ್ತೇನೆ. ಫ್ಯಾಕ್ಟರಿಯವರ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಬೆದರಿಕೆ ಜಾಸ್ತಿ ಇದೆ. ನಿಮ್ಮ ತಮ್ಮನ ಮಾತು ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ, ಆದರೆ ಅವರದೇ ಕ್ಷೇತ್ರದಲ್ಲಿ ಅದು ಸುಳ್ಳಾಗಿದೆ. ಶೇ 3ರ ಲೆಕ್ಕ ಸುಳ್ಳಲ್ಲ, ಆದರೆ ನೀವು ಅಂದುಕೊಂಡಿದ್ದನ್ನು ಅದು ಅಳೆಯುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ನಮ್ಮಲ್ಲಿ ಕೆಲಸ ಹುಟ್ಟುವುದು, ಹೋಗುವುದು ಮುಖ್ಯವಾಗಿ ಆರ್ಡರ್ ಮೇಲೆ ನಿಂತಿದೆ. ಅಂದರೆ ಮಾಡಿದ ಮಾಲನ್ನು ಕೊಳ್ಳುವವರು ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ. ಸಂಬಳ ಎಷ್ಟು ಅನ್ನುವುದು ಕೆಲಸ ಕೊಡುವವರು ಮತ್ತು ಮಾಡುವವರು, ಇಬ್ಬರಲ್ಲಿ ಯಾರ ಕೈ ಮೇಲಿದೆ ಅನ್ನುವುದರ ಮೇಲೆ ನಿಂತಿದೆ. ಈ ಎರಡನ್ನೂ ಕಲಸಿ ‘ಸಂಬಳ ಕೇಳಿದರೆ ಕೆಲಸ ಹೋಗುತ್ತೆ’ ಅಂತ ಒಂದೇ ಮಾತು ಮಾಡಿಬಿಟ್ಟಿದ್ದಾರೆ. ಬಿಡಿಸಿ ನೋಡೋಣ.

ಮೊದಲು ಅಕ್ಕನ ಫ್ಯಾಕ್ಟರಿ ಗೇಟಿಗೆ ಹೋಗೋಣ. ಮೈಸೂರು ರಸ್ತೆಯಲ್ಲಿ, ದೊಡ್ಡಬಳ್ಳಾಪುರದಲ್ಲಿ, ಪೀಣ್ಯದಲ್ಲಿ, ಮದ್ದೂರಿನಲ್ಲಿ ಗಾರ್ಮೆಂಟ್ಸ್ ಗೇಟ್ ಪಕ್ಕ ‘ಟೈಲರ್‌ಗಳು, ಹೆಲ್ಪರ್‌ಗಳು ಬೇಕಾಗಿದ್ದಾರೆ’ ಅಂತ ಬೋರ್ಡ್ ಇರುತ್ತದೆ, ನೋಡಿರುತ್ತೀರಿ. ಎಷ್ಟೋ ಕಡೆ ಅದು ವರ್ಷವಿಡೀ ಇಳಿಯುವುದೇ ಇಲ್ಲ. ಈಗ ಯೋಚನೆ ಮಾಡಿ. ಟೊಮೆಟೊ ಸಿಗದಿದ್ದರೆ ಅದರ ರೇಟು ಏರುತ್ತದೆ, ಅಲ್ವಾ? ಟೈಲರ್‌ಗಳು ವರ್ಷಗಟ್ಟಲೆ ಸಾಲದೇ ಇದ್ದರೂ ಅವರ ಸಂಬಳ ಮಾತ್ರ ಸರ್ಕಾರ ಹೇಳಿದ ಕನಿಷ್ಠ ದರದ ಆಸುಪಾಸಿನಲ್ಲೇ ನಿಂತಿರುತ್ತದೆ. ಈ ಫ್ಯಾಕ್ಟರಿಯಲ್ಲೂ ಅಷ್ಟೇ, ಪಕ್ಕದ ಫ್ಯಾಕ್ಟರಿಯಲ್ಲೂ ಅಷ್ಟೇ. ಪೂರೈಕೆ ಕಮ್ಮಿಯಾದರೆ ಬೆಲೆ ಏರುತ್ತದೆ ಅನ್ನುವ ಪಾಠ ಇಲ್ಲಿ ನಡೆಯುತ್ತಿಲ್ಲ.

ಯಾಕೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ಘಟಕದಲ್ಲಿ ದಿನಕ್ಕೆ 500 ರೂಪಾಯಿಗೆ 100 ಟೈಲರ್‌ಗಳು ಇದ್ದಾರೆ ಅಂದುಕೊಳ್ಳಿ. ಇನ್ನೂ 10 ಜನ ಬೇಕು, ಆದರೆ 500ಕ್ಕೆ ಬರುವವರೆಲ್ಲ ಆಗಲೇ ಬಂದಾಗಿದೆ. ದೂರದ ಊರಿನಿಂದ, ಮನೆ ಬಿಟ್ಟು ಬರಬೇಕಾದವರು 530 ಕೊಟ್ಟರೆ ಬರುತ್ತಾರೆ. ಹೊಸಬರಿಗೆ 530 ಕೊಟ್ಟು ಹಳಬರಿಗೆ 500 ಕೊಟ್ಟರೆ ಲೈನ್‌ನಲ್ಲಿ ಗಲಾಟೆ ಆಗುತ್ತದೆ, ಹಾಗಾಗಿ ಎಲ್ಲರಿಗೂ 530 ಮಾಡಬೇಕು. ಆಗ ಹೊಸ 10 ಜನಕ್ಕೆ 5,300, ಹಳೆಯ 100 ಜನಕ್ಕೆ ತಲಾ 30ರಂತೆ 3,000, ಒಟ್ಟು 8,300 ರೂಪಾಯಿ. ಅಂದರೆ ಮಾಲೀಕರ ಲೆಕ್ಕದಲ್ಲಿ ಒಬ್ಬೊಬ್ಬ ಹೊಸ ಟೈಲರ್‌ಗೂ ದಿನಕ್ಕೆ 830 ಬಿತ್ತು. ಒಬ್ಬರು ದಿನಕ್ಕೆ 700 ರೂಪಾಯಿಯ ಕೆಲಸ ಮಾಡಿಕೊಡುತ್ತಾರೆ ಅಂದರೂ ಅವರನ್ನು ತೆಗೆದುಕೊಳ್ಳುವುದು ನಷ್ಟ. ಹಾಗಾಗಿ ಬೋರ್ಡ್ ನೇತಾಡುತ್ತಲೇ ಇರುತ್ತದೆ, ಸಂಬಳ ಏರುವುದಿಲ್ಲ, ಆ 10 ಜನ ಮನೆಯಲ್ಲೇ ಉಳಿಯುತ್ತಾರೆ.

ಈಗ ಸರ್ಕಾರ ಕನಿಷ್ಠ ವೇತನವನ್ನೇ 530 ಮಾಡಿತು ಅನ್ನಿ. ಹಳಬರಿಗೆ ಹೇಗಿದ್ದರೂ 530 ಕೊಡಲೇಬೇಕು. ಇನ್ನು ಹೊಸಬರೊಬ್ಬರನ್ನು ತೆಗೆದುಕೊಂಡರೆ ಬೀಳುವ ಹೆಚ್ಚಿನ ಖರ್ಚು 530 ಮಾತ್ರ, ಬರುವುದು 700. ತೆಗೆದುಕೊಳ್ಳುತ್ತಾರೆ. ಸಂಬಳವೂ ಏರಿತು, ಕೆಲಸವೂ ಏರಿತು. ಇದು ಕಣ್ಕಟ್ಟಲ್ಲ. ಕೆಲಸ ಕೊಡುವವರು ಕೆಲವೇ ಮಂದಿ, ಕೇಳುವವರು ತುಂಬ ಮಂದಿ ಇರುವ ಕಡೆ ಹೀಗಾಗಬಹುದು ಅಂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಬರೆದಿದ್ದರು. ಬೆಳಿಗ್ಗೆ ಹಳ್ಳಿಗೆ ಬರುವ ಫ್ಯಾಕ್ಟರಿ ವ್ಯಾನು ಯಾವುದೋ ಅದೇ ಕೆಲಸ, ಮಕ್ಕಳನ್ನು ಬಿಟ್ಟು ಬೆಂಗಳೂರಿಗೆ ಹೋಗಿ ರೂಮ್ ಮಾಡಲು ಆಗುವುದಿಲ್ಲ, ಸಂಜೆ ಏಳರೊಳಗೆ ಮನೆ ಸೇರಲೇಬೇಕು. ಇಂಥ ಹೆಣ್ಣುಮಕ್ಕಳಿಗೆ ‘ಬೇಡ ಅಂದರೆ ಬೇರೆ ಕಡೆ ಹೋಗ್ತೀನಿ’ ಅನ್ನುವ ಮಾತೇ ಇಲ್ಲ. ಅವರ ಈ ಕಟ್ಟುಪಾಡುಗಳೇ ಸಂಬಳವನ್ನು ಹಿಡಿದಿಟ್ಟಿವೆ.

ಆದರೆ ಅದೇ ಲೆಕ್ಕದಲ್ಲಿ ಕನಿಷ್ಠ ವೇತನ 530ರ ಬದಲು 750 ಮಾಡಿದರೆ? 700ರ ಕೆಲಸಕ್ಕೆ 750 ಯಾರೂ ಕೊಡುವುದಿಲ್ಲ. ಆಗ ಫ್ಯಾಕ್ಟರಿಯವರ ಮಾತು ನಿಜವಾಗುತ್ತದೆ. ಹಾಗಾಗಿ ‘ಏರಿಸಿದರೆ ಏನಾಗುತ್ತೆ’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎಷ್ಟು, ಎಷ್ಟು ಬೇಗ, ಎಲ್ಲೆಲ್ಲಿ ಏರಿಸುತ್ತಾರೆ ಅಂತ ಕೇಳಬೇಕು.

ಕಾಗದದ ಲೆಕ್ಕ ಬಿಟ್ಟು ನಡೆದದ್ದನ್ನು ನೋಡೋಣ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಕಡೆಯ 410 ಬರ್ಗರ್ ಅಂಗಡಿ ಥರದ ಹೋಟೆಲ್‌ಗಳಲ್ಲಿ ಮೊದಲು ಮತ್ತು ಆಮೇಲೆ ಎಷ್ಟೆಷ್ಟು ಜನ ಕೆಲಸದಲ್ಲಿದ್ದರು ಅಂತ ಎಣಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಮ್ಮಿಯಾಗಿರಲಿಲ್ಲ. ಈ ಅಧ್ಯಯನದ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 2021ರಲ್ಲಿ ಕಾರ್ಡ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು. ಜರ್ಮನಿ 2015ರ ಜನವರಿಯಲ್ಲಿ ಮೊದಲ ಸಲ ದೇಶಕ್ಕೆಲ್ಲ ಒಂದು ಕನಿಷ್ಠ ವೇತನ ತಂದಾಗಲೂ ಲಕ್ಷಗಟ್ಟಲೆ ಕೆಲಸ ಹೋಗುತ್ತದೆ ಅಂತ ಹೆದರಿಸಿದ್ದರು. ಅಲ್ಲೂ ಹಾಗಾಗಲಿಲ್ಲ.

ನಮಗೆ ಇವೆರಡಕ್ಕಿಂತ ಹತ್ತಿರದ ಉದಾಹರಣೆ ಹಂಗೆರಿ. ಅಲ್ಲಿ 2000ದಲ್ಲಿ ತಿಂಗಳಿಗೆ 25,500 ಫೋರಿಂಟ್ ಇದ್ದ ಕನಿಷ್ಠ ವೇತನವನ್ನು 2002ರ ಹೊತ್ತಿಗೆ 50,000ಕ್ಕೆ ಒಯ್ದರು. ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟು! ಆಮೇಲೆ ಲೆಕ್ಕ ಹಾಕಿದವರಿಗೆ ಕಂಡದ್ದು ಏನೆಂದರೆ, ಆ ಹೊರೆಯ ಮುಕ್ಕಾಲು ಪಾಲು ಸರಕಿನ ಬೆಲೆ ಏರಿ ಗ್ರಾಹಕರ ಮೇಲೆ ಬಿತ್ತು, ಕಾಲು ಪಾಲು ಮಾಲೀಕರ ಲಾಭದಿಂದ ಹೋಯಿತು, ಕೆಲಸ ಕಳೆದುಕೊಂಡವರು ಕಮ್ಮಿ. ಆದರೆ ಹೊರದೇಶಕ್ಕೆ ಮಾರುವ ಉದ್ಯಮಗಳಲ್ಲಿ ಕೆಲಸ ಹೋಗಿದ್ದು ಮಿಕ್ಕ ಕಡೆಗಿಂತ ಜಾಸ್ತಿ. ಕ್ಷೌರದಂಗಡಿಯವರು ರೇಟು ಏರಿಸಬಹುದು, ಎಲ್ಲ ಅಂಗಡಿಯವರೂ ಏರಿಸುತ್ತಾರೆ. ಬಾಂಗ್ಲಾದೇಶ, ವಿಯೆಟ್ನಾಂ ಜತೆ ಪೈಪೋಟಿಗೆ ನಿಂತ ಶರ್ಟ್ ಫ್ಯಾಕ್ಟರಿಗೆ ಅದು ಅಷ್ಟು ಸಲೀಸಲ್ಲ. ಅಕ್ಕನ ಕೆಲಸದ ಬಗ್ಗೆ ಮಾತಾಡುವಾಗ ಇದನ್ನು ಮುಚ್ಚಿಡಬಾರದು.

ಹಾಗಾದರೆ ಶರ್ಟಿನ ಲೆಕ್ಕವನ್ನೇ ಹಾಕೋಣ. ಇದು ನಾನು ಇಟ್ಟುಕೊಂಡ ಅಂಕಿಗಳ ಲೆಕ್ಕ, ನೀವು ಅಕ್ಕನ ಪೇ ಸ್ಲಿಪ್ ಇಟ್ಟುಕೊಂಡು ಬದಲಾಯಿಸಿ ನೋಡಿ. ಟೈಲರ್ ಸಂಬಳ ತಿಂಗಳಿಗೆ 14,000. ಅದರ ಮೇಲೆ ಮಾಲೀಕರ ಪಿಎಫ್ ಪಾಲು, ಇಎಸ್‌ಐ ಪಾಲು ಶೇ 3.25, ಬೋನಸ್ ಶೇ 8.33, ಗ್ರಾಚ್ಯುಟಿಗೆ ಎತ್ತಿಡುವ ಹಣ ಎಲ್ಲ ಸೇರಿ ಇನ್ನೊಂದು ಶೇ 29ರಿಂದ 30. ಒಟ್ಟು ಸುಮಾರು 18,100. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂದರೆ 12,480 ನಿಮಿಷ. ನಿಮಿಷಕ್ಕೆ 1 ರೂಪಾಯಿ 45 ಪೈಸೆ ಆಯಿತು. ಆದರೆ ಎಂಟು ಗಂಟೆಯೂ ಮಿಷನ್ ಓಡುವುದಿಲ್ಲ. ಬಂಡಲ್ ಬರುವುದು ತಡವಾಗುತ್ತದೆ, ಸ್ಟೈಲ್ ಬದಲಾಗುತ್ತದೆ, ಹೊಸಬರು ತಡವರಿಸುತ್ತಾರೆ, ಆಲ್ಟರೇಶನ್ ವಾಪಸ್ ಬರುತ್ತದೆ. ಲೈನ್ ಎಫಿಶಿಯೆನ್ಸಿ ಶೇ 55 ಅಂತ ಹಿಡಿದರೆ ಹೊಲಿಗೆಯ ಒಂದು ನಿಮಿಷಕ್ಕೆ 2 ರೂಪಾಯಿ 64 ಪೈಸೆ ಬೀಳುತ್ತದೆ. ಶರ್ಟಿಗೆ 25 ನಿಮಿಷ ಅಂದರೆ 66 ರೂಪಾಯಿ. ಶೇ 10 ಸಂಬಳ ಏರಿಸಿದರೆ ಶರ್ಟಿಗೆ ಆರೂವರೆ ರೂಪಾಯಿ ಜಾಸ್ತಿ. ಆ ಶರ್ಟನ್ನು 500 ರೂಪಾಯಿಗೆ ಹಡಗು ಹತ್ತಿಸುತ್ತಾರೆ ಅಂದರೆ ಅದು ಶೇ 1.3 ಅಷ್ಟೇ. ಹೆಲ್ಪರ್, ಚೆಕಿಂಗ್, ಇಸ್ತ್ರಿಯವರನ್ನೂ ಸೇರಿಸಿದರೆ ಇನ್ನಷ್ಟು ಏರುತ್ತದೆ, ಆದರೂ ಬಟ್ಟೆಯ ಖರ್ಚಿನ ಮುಂದೆ ಅದು ಚಿಕ್ಕದೇ.

ಈ ಉದ್ಯಮದಲ್ಲಿ ಲಾಭದ ಅಂಚು ತೆಳು, ಹಾಗಾಗಿ ಶೇ 1.3 ಕೂಡ ಮಾಲೀಕರಿಗೆ ನೋಯುತ್ತದೆ. ನಾನು ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅದೇ ಲೆಕ್ಕದಲ್ಲಿ ಎಫಿಶಿಯೆನ್ಸಿ 55ರಿಂದ 60ಕ್ಕೆ ಏರಿದರೆ ಏನಾಗುತ್ತದೆ ನೋಡಿ. ಸಂಬಳ ಶೇ 10 ಏರಿದ ಮೇಲೂ ಶರ್ಟಿಗೆ ಬೀಳುವುದು ಅದೇ 66 ರೂಪಾಯಿ ಚಿಲ್ಲರೆ. ಎಫಿಶಿಯೆನ್ಸಿ ಏರಬೇಕಾದರೆ ಕೈ ಪಳಗಿದ ಟೈಲರ್‌ಗಳು ಉಳಿಯಬೇಕು. ಕಾಲರ್ ಕೂರಿಸುವುದು, ಕಫ್ ಹಾಕುವುದು ಒಂದು ವಾರದಲ್ಲಿ ಬರುವ ಕೆಲಸವಲ್ಲ. ಸಂಬಳ ಸಾಲದೆ ತಿಂಗಳು ತಿಂಗಳೂ ಜನ ಬಿಟ್ಟು ಹೋಗುತ್ತಿದ್ದರೆ ಲೈನ್ ಯಾವತ್ತೂ ಹೊಸಬರ ಕೈಯಲ್ಲೇ ಇರುತ್ತದೆ. ಟಾರ್ಗೆಟ್ ಆಗಲಿಲ್ಲ ಅಂತ ಸೂಪರ್‌ವೈಸರ್ ಕೂಗಾಡುವುದರಿಂದ ಈ ಕೊರತೆ ತುಂಬುವುದಿಲ್ಲ. ಸಂಬಳವನ್ನು ಬರೀ ಖರ್ಚು ಅಂತ ನೋಡುವ ಲೆಕ್ಕಪುಸ್ತಕ, ಜನ ಬಿಟ್ಟುಹೋಗುವುದರಿಂದ ಆಗುವ ನಷ್ಟವನ್ನು ಬರೆದುಕೊಳ್ಳುವುದೇ ಇಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ.

ಇನ್ನು ‘ಬೇರೆ ರಾಜ್ಯಕ್ಕೆ ಹೋಗ್ತೀವಿ’ ಅನ್ನುವುದು. ಇದು ಪೂರ್ತಿ ಪೊಳ್ಳಲ್ಲ, ನಮ್ಮ ಪಕ್ಕದಲ್ಲೇ ನಡೆದಿದೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕೇಂದ್ರದ ಕಾನೂನು ಬಂತು. ಅದನ್ನು ಜಾರಿ ಮಾಡುತ್ತೇವೆ ಅಂತ ಕೇರಳ ಹೊರಟಾಗ, ಕಣ್ಣೂರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದೊಡ್ಡ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿ ಗಡಿಯ ಈಚೆ ಬಂದವು. ಸಾವಿರಾರು ಜನರ ಕೈ ಖಾಲಿಯಾಯಿತು. ಅವರಿಗಾಗಿಯೇ 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು, ಅದು ಬೇರೆ ಕತೆ. ಬೀಡಿ ಅಷ್ಟು ಸುಲಭವಾಗಿ ಯಾಕೆ ಹೋಯಿತು? ಅದಕ್ಕೆ ಬೇಕಾದದ್ದು ಎಲೆ, ತಂಬಾಕು, ನೂಲು, ಒಂದು ಮೊರ. ಕರಾವಳಿಯಲ್ಲಿ ಮನೆ ಮನೆಯಲ್ಲೂ ಕಟ್ಟುವ ಕೈಗಳಿದ್ದವು.

ಗಾರ್ಮೆಂಟ್ಸ್ ಹಾಗಲ್ಲ. ನೂರಾರು ಮಿಷನ್, ಬಾಯ್ಲರ್, ಬ್ರ್ಯಾಂಡಿನವರು ಬಂದು ಆಡಿಟ್ ಮಾಡಿ ಒಪ್ಪಿದ ಕಟ್ಟಡ, ವರ್ಷಗಟ್ಟಲೆ ಪಳಗಿದ ಜನ, ಇದನ್ನೆಲ್ಲ ರಾತ್ರೋರಾತ್ರಿ ಲಾರಿಗೆ ತುಂಬಲಾಗುವುದಿಲ್ಲ. ಆದರೆ ನಿಧಾನವಾಗಿ ಸರಿಯುತ್ತದೆ. ಬೆಂಗಳೂರಿಗೆ ಒಂದು ದರ, ಜಿಲ್ಲೆಗಳಿಗೆ ಅದಕ್ಕಿಂತ ಕಮ್ಮಿ ದರ ಅಂತ ನಮ್ಮ ಕನಿಷ್ಠ ವೇತನವೇ ವಲಯಗಳಾಗಿ ಒಡೆದಿದೆ. ಹೊಸ ಘಟಕಗಳು ಮದ್ದೂರು, ಮಂಡ್ಯ, ಹಾಸನ, ತುಮಕೂರು ಕಡೆ ಬಂದದ್ದಕ್ಕೆ ಅದೂ ಒಂದು ಕಾರಣ. ನಿಮ್ಮ ಅಕ್ಕನಿಗೆ ಊರ ಹತ್ತಿರ ಕೆಲಸ ಸಿಕ್ಕಿದ್ದೂ ಹೀಗೇ ಇರಬಹುದು. ರಾಂಚಿ, ಭುವನೇಶ್ವರದ ಕಡೆಯ ಸರ್ಕಾರಗಳೂ ರಿಯಾಯಿತಿ ಕೊಟ್ಟು ಕರೆಯುತ್ತಿವೆ.

ಇದಕ್ಕೆ ಮದ್ದು ಕರ್ನಾಟಕದ ಕೈಲಿ ಇಲ್ಲ, ದೆಹಲಿಯ ಕೈಲಿದೆ. ದೇಶಕ್ಕೆಲ್ಲ ಒಂದು ತಳಮಟ್ಟದ ವೇತನ ಇದ್ದು, ಅದಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯಬಾರದು ಅಂತ ಆದರೆ ಓಡಿಹೋಗುವ ಆಸೆ ಕಮ್ಮಿಯಾಗುತ್ತದೆ. 2017ರಿಂದ ಇದ್ದ ರಾಷ್ಟ್ರೀಯ ತಳಮಟ್ಟ ದಿನಕ್ಕೆ 176 ರೂಪಾಯಿ, ಅದಕ್ಕೂ ಕಾನೂನಿನ ಬಲ ಇರಲಿಲ್ಲ. ಕೇಂದ್ರವೇ ನೇಮಿಸಿದ್ದ ತಜ್ಞರ ಸಮಿತಿ 2019ರಲ್ಲಿ 375 ರೂಪಾಯಿ ಅಂತ ಹೇಳಿತ್ತು. 2019ರ ವೇತನ ಸಂಹಿತೆಯಲ್ಲಿ ತಳಮಟ್ಟದ ವೇತನಕ್ಕೆ ಕಾನೂನಿನ ಬಲ ಇದೆ, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಆ ಮೊತ್ತವನ್ನು ಎಷ್ಟಕ್ಕೆ ಇಡುತ್ತಾರೆ ಅನ್ನುವುದು ಮದ್ದೂರಿಗೆ ಬೆಂಗಳೂರಿನ ಅಧಿಸೂಚನೆಗಿಂತ ಮುಖ್ಯ.

ಮೊತ್ತ ಹೇಗೆ ಕಟ್ಟುತ್ತಾರೆ ಅನ್ನುವುದೂ ಗೊತ್ತಿರಲಿ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಮಾಡಿತು. ಕುಟುಂಬ ಅಂದರೆ ಮೂರು ಘಟಕ. ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಇತ್ಯಾದಿಗೆ ಶೇ 20. ಮಕ್ಕಳ ಓದು, ಆಸ್ಪತ್ರೆ ಎಲ್ಲ ಸೇರಿ ಇನ್ನೂ ಶೇ 25 ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಸೇರಿಸಿತು. ವಯಸ್ಸಾದ ಅಪ್ಪ ಅಮ್ಮ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ದುಡಿಯುವವನು ಗಂಡಸು, ಹೆಂಗಸಿಗೆ 0.8 ಸಾಕು ಅನ್ನುವ ಈ ಲೆಕ್ಕದ ಮೇಲೆ, ಹೆಚ್ಚಿನವರು ಹೆಂಗಸರೇ ಇರುವ ಗಾರ್ಮೆಂಟ್ಸ್‌ನ ಸಂಬಳ ನಿಂತಿದೆ. ಸಂಸಾರದ ಭಾರ ಹೊತ್ತಿರುವ ನಿಮ್ಮ ಅಕ್ಕನಂಥವರನ್ನು ಈ ಸೂತ್ರ ಕಂಡೇ ಇಲ್ಲ. ಇದು ಬದಲಾಗಲೇಬೇಕು.

ಈಗ ಮೊದಲು ಹೇಳಿದ ಆರ್ಡರ್ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಕೋವಿಡ್ ಬಂದಾಗ ಕೆಲಸ ಉಳಿಸಲಿಕ್ಕೆ ಅಂತ ಹೇಳಿ ಆ ವರ್ಷದ ವಿಡಿಎ, ಅಂದರೆ ಬೆಲೆ ಏರಿದ್ದಕ್ಕೆ ಏಪ್ರಿಲ್‌ನಲ್ಲಿ ಸೇರುವ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಆದರೂ ದುಡ್ಡು ಕೈಗೆ ಬರಲು ತುಂಬ ಕಾಲ ಹಿಡಿಯಿತು. ಹಾಗೆ ತಡೆಹಿಡಿದದ್ದರಿಂದ ಕೆಲಸ ಉಳಿಯಿತಾ? ಅದೇ ವರ್ಷ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಘಟಕ ಆರ್ಡರ್ ಇಲ್ಲ ಅಂತ ಬಾಗಿಲು ಹಾಕಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಗೇಟಿನ ಮುಂದೆ ಕೂತಿದ್ದರು. ನಾನೂರು ರೂಪಾಯಿ ಉಳಿಸಿದರೆ ಅಮೆರಿಕ, ಯುರೋಪಿನ ಮುಚ್ಚಿದ ಅಂಗಡಿಗಳು ತೆರೆಯುವುದಿಲ್ಲವಲ್ಲ.

2025ರ ಆಗಸ್ಟ್ 27 ನೆನಪಿದೆಯಾ? ಅವತ್ತಿನಿಂದ ಅಮೆರಿಕ ನಮ್ಮ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಒಟ್ಟು ಶೇ 50 ಮಾಡಿತು. ತಿರುಪ್ಪೂರಿನಲ್ಲಿ, ಬೆಂಗಳೂರಿನಲ್ಲಿ ರಫ್ತುದಾರರು ತಲೆ ಮೇಲೆ ಕೈ ಹೊತ್ತು ಕೂತರು. ಟೈಲರ್ ಸಂಬಳ ಅವತ್ತು ಒಂದು ಪೈಸೆಯೂ ಏರಿರಲಿಲ್ಲ. ಶರ್ಟಿಗೆ ಆರೂವರೆ ರೂಪಾಯಿ, ಅಂದರೆ ಶೇ 1.3 ಎಲ್ಲಿ, ಸುಂಕದ ಶೇ 50 ಎಲ್ಲಿ! ಅದಕ್ಕೂ ಮೊದಲು ವರ್ಷಗಟ್ಟಲೆ ಬಾಂಗ್ಲಾದೇಶದ ಉಡುಪು ಯುರೋಪಿಗೆ ಸುಂಕವಿಲ್ಲದೆ ಹೋಗುತ್ತಿತ್ತು, ನಮ್ಮದು ಸುಂಕ ಕಟ್ಟಿ ಹೋಗುತ್ತಿತ್ತು. ಇವೆಲ್ಲ ಸರ್ಕಾರಗಳು ಕೂತು ಮಾತಾಡಿ ಬಗೆಹರಿಸಬೇಕಾದ ವಿಷಯ, ಟೈಲರ್‌ಗಳ ಊಟದ ಡಬ್ಬಿಯಿಂದ ಕಿತ್ತು ಬಗೆಹರಿಸುವುದಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಕರಡು ಹೊರಡಿಸಿದಾಗ ಉದ್ಯಮಿಗಳ ಸಂಘಗಳು ಜೋರಾಗಿ ವಿರೋಧಿಸಿದ್ದವು. ಅವರ ಒಂದು ದೂರಿನಲ್ಲಿ ಮಾತ್ರ ನ್ಯಾಯ ಇದೆ ಅನ್ನಿಸುತ್ತದೆ: ವರ್ಷಗಟ್ಟಲೆ ಮುಟ್ಟದೆ ಇಟ್ಟು ಒಮ್ಮೆಲೇ ದೊಡ್ಡದಾಗಿ ಏರಿಸಿದರೆ, ಹಳೆಯ ರೇಟಿಗೆ ಆರ್ಡರ್ ಒಪ್ಪಿಕೊಂಡವರು ಏನು ಮಾಡಬೇಕು? ಬ್ರಿಟನ್ನಿನಲ್ಲಿ 1997ರಿಂದ ಒಂದು ಸ್ವತಂತ್ರ ಆಯೋಗ ಇದೆ. ಮಾಲೀಕರು, ಕಾರ್ಮಿಕರು, ತಜ್ಞರು ಕೂತು ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸಲು ಶಿಫಾರಸು ಮಾಡುತ್ತಾರೆ, ಎಲ್ಲರಿಗೂ ಮುಂಚೆಯೇ ಗೊತ್ತಿರುತ್ತದೆ. ನಮಗೂ ಅದು ಬೇಕು. ಐದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಿ ಅಂತ ನಮ್ಮ ಕಾನೂನು 1948ರಿಂದ ಹೇಳುತ್ತಿದೆ. ಅಷ್ಟನ್ನೂ ಹೊತ್ತಿಗೆ ಸರಿಯಾಗಿ ಮಾಡದೆ ಎಳೆದಾಡುವುದು ಇಬ್ಬರಿಗೂ ಕೆಟ್ಟದ್ದು.

ನಿಮ್ಮ ತಮ್ಮನ ವಿಷಯ. ಸಂಬಳ ಕಮ್ಮಿ ಇದ್ದರೆ ಕಂಪನಿಯವರು ಜನ ತಗೊಳ್ಳುತ್ತಾರೆ ಅಂತಾರಲ್ಲ, ಅವರ ಕ್ಷೇತ್ರವನ್ನೇ ನೋಡಲಿ. ದೊಡ್ಡ ಐಟಿ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತು ಹದಿನೈದು ವರ್ಷದಿಂದ ವರ್ಷಕ್ಕೆ 3ರಿಂದ 4 ಲಕ್ಷದ ಒಳಗೇ ಓಡಾಡುತ್ತಿದೆ. 2012ರಲ್ಲಿ 100 ಇದ್ದ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 190 ದಾಟಿತ್ತು. ಅಂದರೆ ಕೊಳ್ಳುವ ಬಲದಲ್ಲಿ ಆ ಸಂಬಳ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿದೆ. ಯಾವ ಸರ್ಕಾರವೂ ಅದನ್ನು ಏರಿಸಿ ಅಂತ ಒತ್ತಾಯಿಸಲಿಲ್ಲ, ಯಾವ ಸಂಘವೂ ಧರಣಿ ಕೂರಲಿಲ್ಲ. ನಿಮ್ಮ ತಮ್ಮನ ಲೆಕ್ಕದ ಪ್ರಕಾರ ಬಿಇ ಮಾಡಿದವರಿಗೆಲ್ಲ ಕೆಲಸ ಸಿಗಬೇಕಿತ್ತು.

ಸಿಗದೇ ಇರುವುದಕ್ಕೆ ಒಂದು ದೊಡ್ಡ ಕಾರಣ ಇನ್ನೆಲ್ಲೋ ಇದೆ. ಬೆಲೆ ಏರಿಕೆ ತಡೆಯಲು ಅಮೆರಿಕದ ಕೇಂದ್ರ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರ ಇದ್ದ ಬಡ್ಡಿಯನ್ನು ಮರುವರ್ಷ ಜುಲೈ ಹೊತ್ತಿಗೆ ಶೇ 5.25ರಿಂದ 5.5ಕ್ಕೆ ಒಯ್ದಿತು. ಸಾಲ ದುಬಾರಿಯಾದಾಗ ಅಲ್ಲಿನ ಬ್ಯಾಂಕು, ಅಂಗಡಿ, ಕಂಪನಿಗಳು ಮೊದಲು ಕೈಬಿಡುವುದು ‘ಮುಂದಿನ ವರ್ಷ ಮಾಡೋಣ’ ಅನ್ನಬಹುದಾದ ಸಾಫ್ಟ್‌ವೇರ್ ಕೆಲಸ. ಅದರ ಬಿಸಿ ಬೆಂಗಳೂರಿಗೆ ತಟ್ಟುತ್ತದೆ, ಕ್ಯಾಂಪಸ್ ಆಯ್ಕೆ ಇಳಿಯುತ್ತದೆ. ನಮ್ಮ ರಿಸರ್ವ್ ಬ್ಯಾಂಕೂ ಅಷ್ಟೇ. 2020ರಲ್ಲಿ ಶೇ 4 ಇದ್ದ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, 2023ರ ಫೆಬ್ರವರಿಗೆ ಶೇ 6.5 ಆಯಿತು, ಎರಡು ವರ್ಷ ಅಲ್ಲೇ ನಿಂತು 2025ರಲ್ಲಿ ಇಳಿಯಿತು. ಬೆಲೆ ಏರಿಕೆ ಶೇ 4ರ ಹತ್ತಿರ ಇರಬೇಕು ಅನ್ನುವುದು ಅವರಿಗೆ ಕಾನೂನು ಕೊಟ್ಟಿರುವ ಗುರಿ. ಇಷ್ಟು ಜನಕ್ಕೆ ಕೆಲಸ ಇರಬೇಕು ಅನ್ನುವ ಅಂಥ ಗುರಿ ಯಾರಿಗೂ ಇಲ್ಲ. ನಮ್ಮಲ್ಲಿ ಬೆಲೆ ಏರುವುದು ಎಷ್ಟೋ ಸಲ ಮಳೆ ಕೈಕೊಟ್ಟು ತರಕಾರಿ ಏರಿದ್ದರಿಂದ. ಬಡ್ಡಿ ಏರಿಸಿದರೆ ಟೊಮೆಟೊ ಗಿಡ ಜಾಸ್ತಿ ಕಾಯಿ ಬಿಡುವುದಿಲ್ಲ, ಸಣ್ಣ ಕಾರ್ಖಾನೆಯವರ ಸಾಲದ ಕಂತು ಮಾತ್ರ ಏರುತ್ತದೆ.

ಶೇ 3ರ ವಿಷಯಕ್ಕೂ ಒಂದು ಮಾತು. ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ನಿರುದ್ಯೋಗ 2017-18ರಲ್ಲಿ ಶೇ 6.1 ಇತ್ತು, 2023-24ರಲ್ಲಿ ಶೇ 3.2. ಆದರೆ ಆ ಲೆಕ್ಕದಲ್ಲಿ ವರ್ಷದಲ್ಲಿ 30 ದಿನ ಕೆಲಸ ಮಾಡಿದವರೂ ಕೆಲಸ ಇದ್ದವರೇ. ಸಂಬಳ ಇಲ್ಲದೆ ಅಪ್ಪನ ಅಂಗಡಿಯಲ್ಲಿ ಕೂತವರೂ, ಮನೆಯ ಹೊಲದಲ್ಲಿ ಕಳೆ ತೆಗೆದವರೂ ಕೆಲಸ ಇದ್ದವರೇ. ದುಡಿಯುವವರಲ್ಲಿ ಶೇ 58ರಷ್ಟು ಸ್ವಂತ ಕಸುಬಿನವರು, ತಿಂಗಳ ಸಂಬಳದವರು ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಬಡವರಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲ ಇಲ್ಲ, ಸಿಕ್ಕಿದ್ದು ಮಾಡುತ್ತಾರೆ. ಕಾಯಲು ಆಗುವುದು ಓದಿದವರಿಗೆ, ಮನೆಯವರು ಎರಡು ಹೊತ್ತು ಅನ್ನ ಹಾಕುವ ತನಕ. ಅದಕ್ಕೇ ಅದೇ ಸಮೀಕ್ಷೆಯಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇ 10.2. ನಿಮ್ಮ ತಮ್ಮ ಕಾಯುತ್ತಿರುವುದು ಅಕ್ಕನ ಸಂಬಳದ ಮೇಲೆ ಅನ್ನುವುದನ್ನು ಅವರಿಗೆ ಸಮಾಧಾನವಾಗಿ ಹೇಳಿ. ಆ ಸಂಬಳ ಕಮ್ಮಿ ಇರಲಿ ಅಂತ ವಾದ ಮಾಡುವುದು ಅವರಿಗೇ ಒಳ್ಳೆಯದಲ್ಲ.

ಸರ್ಕಾರವೇ ಕೆಲಸ ಕೊಟ್ಟರೆ ಖಾಸಗಿ ಕೆಲಸ ಹಾಳಾಗುತ್ತದೆ ಅನ್ನುವ ಮಾತೂ ನಿಮ್ಮ ಊರಲ್ಲಿ ಕೇಳಿರುತ್ತೀರಿ. ಉದ್ಯೋಗ ಖಾತ್ರಿ ಬಂದ ಮೇಲೆ ಆಳು ಸಿಗಲ್ಲ ಅಂತ. ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಜತೆಗಾರರು ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. ಖಾತ್ರಿಯ ಕೂಲಿ ಸರಿಯಾಗಿ, ಬೇಗ ಕೈಸೇರುವಂತೆ ಮಾಡಿದ ಮಂಡಲಗಳಲ್ಲಿ ಖಾಸಗಿ ಕೂಲಿ ಏರಿತು, ಖಾಸಗಿ ಕೆಲಸವೂ ಏರಿತು. ಮೊದಲು ಹಾಕಿದ 500-530ರ ಲೆಕ್ಕ ಇಲ್ಲೂ ಕೆಲಸ ಮಾಡಿದಂತಿದೆ. ಬಡವರ ಕೈಗೆ ಬಂದ ದುಡ್ಡು ಊರಲ್ಲೇ ಖರ್ಚಾಗುತ್ತದೆ, ಅದೂ ಸೇರುತ್ತದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಬೇರೆ ಕಾಯ್ದೆ ತಂದಿದೆ. ಅದರಲ್ಲೂ ಕೂಲಿ ಹೊತ್ತಿಗೆ ಸರಿಯಾಗಿ ಕೈಸೇರುತ್ತದಾ ಅನ್ನುವುದೇ ಮುಖ್ಯ.

ಕೊನೆಗೆ ಅಕ್ಕನಿಗೆ ಬೇಕಾದ ವಿಷಯ. ಏಪ್ರಿಲ್ ತಿಂಗಳ ಪೇ ಸ್ಲಿಪ್‌ನಲ್ಲಿ ವಿಡಿಎ ಸೇರಿದೆಯಾ ನೋಡಲಿ. ಹನ್ನೊಂದು ವರ್ಷದ ಟೈಲರ್‌ನ್ನು ಹೆಲ್ಪರ್ ದರ್ಜೆಯಲ್ಲಿ ಬರೆದಿಲ್ಲ ತಾನೇ ಅಂತ ನೋಡಲಿ, ದರ್ಜೆ ಬದಲಾದರೆ ಸಂಬಳ ಬದಲಾಗುತ್ತದೆ. ಮುನ್ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಬೇಕಾದರೆ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರವೂ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು. ಗ್ರಾಚ್ಯುಟಿ ಬೇರೆ. ಕೊನೆಯ ಸಂಬಳ 14,000 ಅಂದರೆ ಹನ್ನೊಂದು ವರ್ಷಕ್ಕೆ ಅದು ಸುಮಾರು 88,800 ರೂಪಾಯಿ. ಅದು ಕೊನೆಯ ಸಂಬಳದ ಮೇಲೆ ಲೆಕ್ಕವಾಗುವುದರಿಂದ ಈಗ ಒಂದು ಸಾವಿರ ಏರಿದರೆ ಹಿಂದಿನ ಅಷ್ಟೂ ವರ್ಷಕ್ಕೆ ಸೇರಿ ಇನ್ನೂ ಆರು ಸಾವಿರದ ಮುನ್ನೂರು ಚಿಲ್ಲರೆ ಬರುತ್ತದೆ. ಸ್ವಂತ ಇಷ್ಟದಿಂದ ಬಿಡುತ್ತಿದ್ದೇನೆ ಅಂತ ಬರೆದುಕೊಟ್ಟರೆ ಮುಚ್ಚಿದ್ದಕ್ಕೆ ಸಿಗುವ ಪರಿಹಾರ ಕೈತಪ್ಪುತ್ತದೆ. ‘ಯೂನಿಟ್ ಮುಚ್ತೀವಿ, ಇಲ್ಲಿ ಒಂದು ಸೈನ್ ಹಾಕಮ್ಮ’ ಅಂತ ಯಾವತ್ತಾದರೂ ಕಾಗದ ಮುಂದೆ ಹಿಡಿದರೆ ಅಲ್ಲೇ ಸಹಿ ಹಾಕದೆ ಅದರ ಫೋಟೊ ತೆಗೆದುಕೊಂಡು ಮನೆಗೆ ತರಲಿ, ಸಂಘದವರಿಗೋ ಕಾರ್ಮಿಕ ಇಲಾಖೆಯ ಕಚೇರಿಗೋ ತೋರಿಸಿದ ಮೇಲೆಯೇ ಮುಂದಿನ ಮಾತು.